ಅರ್ಧ ಬಾನೆಟ್

ನನ್ನ ಷಡ್ಡಕನ ಮ್ಯಾಲ ನನಗ ಸಿಟ್ಟು ಅಂದ್ರ, ಪಂಕ್ತಿಯೊಳಗ ಹೋಳಿಗಿ ಮ್ಯಾಲ ತುಪ್ಪ ಕಡಿಮಿ ಬಿದ್ದಾಗ ಬರೂ ಸಿಟ್ಟು ಅಂತ ತಿಳಕೋಬ್ಯಾಡ್ರಿ. ಅವ ನನ್ನ ಹೆಂಡ್ತಿಯ ಅಕ್ಕನ ಗಂಡ. ಅವನ ಸುದ್ದಿ ಕಿವಿಗೆ ಬಿದ್ರ ಬಾಯಾಗಿನ ತುತ್ತು ಅಲ್ಲೇ ನಿಲ್ಲತಿತ್ತು. ಎಷ್ಟೋ ವರ್ಷ ನಿದ್ದ್ಯಾಗ ಹಲ್ಲು ಕಡದೇನಿ. ಹೆಂಡ್ತಿ ಮುಂಜಾನೆ ಎದ್ದು, "ರೀ, ಹುಳದ ಔಷಧರ ತಗೋರಿ, ನಿಮ್ಮ ಹಲ್ಲಿನ ಸಪ್ಪಳಕ್ಕ ನನಗ ನಿದ್ದಿ ಇಲ್ಲ" ಅಂತಿದ್ದಳು. ಹುಳ ಹೊಟ್ಯಾಗ ಇರಲಿಲ್ಲ. ಬಾಗಲಕೋಟಿ ನವನಗರದಾಗ ಅಂಗಡಿ ಹಾಕ್ಕೊಂಡು ಕುಂತಿತ್ತು.

ನಾವಿಬ್ಬರೂ ಮೊದಲ ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರ್ಯಾಗ ಕಲ್ಲಿಗೆ ಪಾಲಿಶ್ ಹೊಡಿಯವರು. ಒಂದ ಡಬ್ಬಿಯ ರೊಟ್ಟಿ ಇಬ್ಬರೂ ಮುರದು ತಿಂದೇವಿ. ಅವನಿಗೆ ಹುನಗುಂದದ ನಮ್ಮ ಮಾವನ ಹಿರೇ ಮಗಳು ಗಂಟು ಬಿದ್ದಳು. ಆಮ್ಯಾಲ ಅವನ, "ಲೇ, ನೀನೂ ಇದ ಮನಿ ಅಳಿಯಾ ಆಗು, ಇಬ್ಬರೂ ಕೂಡಿ ಇರೂಣು" ಅಂತ ಓಡ್ಯಾಡಿ ತನ್ನ ನಾದಿನೀನ ನನಗ ತಂದ. ಅದನ್ನ ನಾ ಇಲ್ಲ ಅನ್ನಂಗಿಲ್ಲ. ಕಲ್ಲಿನ ಧೂಳಕ್ಕ ನನಗ ಕೆಮ್ಮು ಹತ್ತಿದ ಮ್ಯಾಲ ನಾ ಪುಣೆಕ್ಕ ಹೋಗಿ ಗಾಡಿ ಪಾಲಿಶ್ ಕೆಲಸ ಕಲತು ಬಂದೆ. ನವನಗರದಾಗ ಅಂಗಡಿ ಹಾಕೂ ಮುಂದ ಅವನನ್ನ ಪಾಲಿಗೆ ಕರದಾವ ನಾನ. ಕರದ ಬಾಯಿಗೆ ಬೆಂಕಿ ಬೀಳಲಿ!

ಈ ಕೆಲಸದ ಬಗ್ಗೆ ಒಂಚೂರು ಹೇಳಬೇಕು, ಇಲ್ಲಂದ್ರ ಅವ ಮಾಡಿದ್ದು ಏನಂತ ನಿಮಗ ತಿಳಿಯಂಗಿಲ್ಲ. ಗಾಡಿ ಬಣ್ಣದ ಮ್ಯಾಲ ಗಾಜಿನಂಥ ಒಂದು ತೆಳ್ಳನ ಪದರು ಇರತೈತಿ. ಬಿಸಲಾಗ ಕರಿ ಗಾಡಿ ನೋಡಿದ್ರ ಜೇಡರ ಬಲಿಯಂಗ ಸುತ್ತ ಸುತ್ತ ಗೀರು ಕಾಣತಾವಲ್ಲ, ಅವೆಲ್ಲ ಆ ಪದರಿನ ಮ್ಯಾಲಿನವು. ಒಣ ಟವೆಲ್ಲಿಲೆ ಧೂಳ ಒರಸಿ ಒರಸಿ ಮಂದಿ ತಾವ ಮಾಡಿಕೊಂಡಿರತಾರ. ಆ ಪದರನ್ನ ಕೂದಲೆಳಿಗಿಂತ ಎಷ್ಟೋ ತೆಳ್ಳಗ ತೇದು ಗೀರು ತಗಿಯೂದು ನಮ್ಮ ಕೆಲಸ. ತೇಯಾಕ ಕಂಪೌಂಡ್ ಅನ್ನೋ ಮುಲಾಮು ಬೇಕು, ಅದನ್ನ ತಿಕ್ಕಾಕ ಮಶೀನಿಗೆ ಹಚ್ಚೂ ಪ್ಯಾಡ್ ಬೇಕು. ಕಂಪೌಂಡಿನ್ಯಾಗ ಒರಟು ಇರತಾವು, ನಯ ಇರತಾವು. ಪ್ಯಾಡಿನ್ಯಾಗೂ ಉಣ್ಣಿದು, ಬಿರಸು ಸ್ಪಂಜಿಂದು, ಬೆಣ್ಣಿಯಂಗ ಮೆತ್ತಗಿಂದು ಅಂತ ಇರತಾವು. ಯಾವ ಪ್ಯಾಡಿಗೆ ಯಾವ ಕಂಪೌಂಡ್ ಜೋಡಿ ಅನ್ನೂದ ಇಡೀ ವಿದ್ಯಾ. ಜೋಡಿ ತಪ್ಪಿತೋ, ತಗಿಯಾಕ ಹೋದ ಗೀರಿನ ಜಾಗಾದಾಗ ಹೊಸಾ ಗೀರು ಕುಂಡ್ರತಾವು.

ಈಗ ಕಲ್ಲಿನ ಕೆಲಸ ನೋಡ್ರಿ. ಅಲ್ಲಿ ತೇಯೂ ಖಾರ ಪ್ಯಾಡಿನ್ಯಾಗ ಇರತೈತಿ. ವಜ್ರದ ಪುಡಿ ಪ್ಯಾಡಿಗೇ ಗಟ್ಟಿ ಅಂಟಿರತೈತಿ, ಬಿಡಂಗಿಲ್ಲ. ಹಂಗಾಗಿ ಇಳಕಲ್ಲಿನ ಕಲ್ಲು ಪಾಲಿಶಿನವರು ಸಂಜಿಗೆ ಒರಟು, ನಯ ಎಲ್ಲಾ ಪ್ಯಾಡ್ ಒಂದ ಬಕೀಟಿನ್ಯಾಗ ಹಾಕಿ ಗಡಗಡ ಜಾಲಿಸಿ ಮನಿಗೆ ಹೋಗತಾರ. ಏನೂ ಆಗಂಗಿಲ್ಲ. ಗಾಡಿ ಕೆಲಸದಾಗ ಖಾರ ಇರೂದು ಮುಲಾಮಿನ್ಯಾಗ. ಒರಟು ಮುಲಾಮು ಕುಡದ ಪ್ಯಾಡನ್ನ ಮೆತ್ತನ ಪ್ಯಾಡಿನ ಜೋಡಿ ಒಂದ ನೀರಾಗ ಅದ್ದಿದ್ರ, ಆ ಖಾರ ಮೆತ್ತಂದರ ಹೊಟ್ಯಾಗ ಹೋಗಿ ಕುಂಡ್ರತೈತಿ. ಮ್ಯಾಲ ಎಷ್ಟ ಸ್ವಚ್ಛ ಕಂಡ್ರೂ ಒಳಗ ಇರತೈತಿ.

ಇದನ್ನ ಷಡ್ಡಕನಿಗೆ ನಾ ಎಷ್ಟು ಸರ್ತಿ ಹೇಳಿದ್ದೆ! "ಹೂಂ ಹೂಂ, ಗೊತ್ತೈತಿ ಬಿಡಲೇ" ಅಂತಿದ್ದ. ತಲಿ ಕೇಳಿದ್ರೂ ಕೈ ಕೇಳಬೇಕಲ್ಲ. ಬಕೀಟು ಕಂಡ ಕೂಡ್ಲೆ ಎಲ್ಲಾ ಪ್ಯಾಡ್ ದಬದಬ ಒಳಗ. ನಾ ಬಾಯಿಗೆ ಬಂದಂಗ ಬೈದು, ಮೆತ್ತನ ಪ್ಯಾಡ್ ಹರದು ಒಗದು, ಹೊಸಾವು ತರತಿದ್ದೆ. ಅವ ಹಲ್ಲು ಕಿಸದು ಚಾ ಹೇಳತಿದ್ದ.

ಮಾವಂದು ಹುನಗುಂದದಾಗ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಮಾತು ಕಡಿಮಿ, ಆದರ ಒಮ್ಮೆ ಆಡಿದ್ರ ಆ ಮನ್ಯಾಗ ಅದ ಕಾಯಂ. ಅವರಿಗೆ ಮೊದಲ ಮನಿದೇವರು ಬೀರಪ್ಪ, ಆಮ್ಯಾಲ ತಮ್ಮ ಕರಿ ಗಾಡಿ. ಪೂಜಾದಾಗ ಬಾನೆಟ್ಟಿಗೆ ಭಂಡಾರದ ಅರಿಷಿಣ ಹಚ್ಚಿದ್ರೂ ಅದನ್ನ ಒಣ ಅರಿವಿಲೆ ಒರಸಾಕ ಯಾರಿಗೂ ಬಿಡತಿದ್ದಿಲ್ಲ, ತಾವ ನೀರು ಹಾಕಿ ತೊಳಿತಿದ್ರು. ಅಂಥಾ ಗಾಡೀನ ದಸರಾದ ಮುಂದ ನಮ್ಮ ಅಂಗಡಿಗೆ ತಂದು ಬಿಟ್ರು. "ನೋಡ್ರಿ ಅಳ್ಯಾರ, ನಿಮ್ಮ ಕೈಯಾಗ ಕೊಟ್ಟೇನಿ" ಅಂದಿದ್ದು ನನಗ. ಹೆಮ್ಮಿಗೆ ನನ್ನ ಎದಿ ಇಷ್ಟಗಲ ಆಗಿತ್ತು.

ಒರಟು ಸುತ್ತು ಮಾಡಿದೆ, ನಡಬರಕಿನ ಸುತ್ತು ಮಾಡಿದೆ. ಮೆತ್ತನ ಕರಿ ಪ್ಯಾಡಿಲೆ ಕೊನಿ ಸುತ್ತು ಒಂದ ಉಳದಿತ್ತು. ಅಷ್ಟರಾಗ ಇಳಕಲ್ಲಿಂದ ಫೋನು: ಅವ್ವನ್ನ ದವಾಖಾನಿಗೆ ಹಾಕ್ಯಾರ. ಹೊಂಟೆ. ಹೋಗೂ ಮುಂದ ಷಡ್ಡಕನಿಗೆ, "ಕೊನಿ ಸುತ್ತು ಮುಟ್ಟಬ್ಯಾಡ ಲೇ, ನಾಳೆ ನಾ ಬಂದು ಮಾಡ್ತೇನಿ" ಅಂತ ಕೈ ಹಿಡದು ಹೇಳೇನಿ. ಮರದಿನ ಬಂದ್ರ ಗಾಡಿ ಇಲ್ಲ. "ಮುಗಿಸಿ ಕೊಟ್ಟೆ, ಮಾವ ಒಯ್ದ್ರು. ನೀ ಇಲ್ಲಂದ್ರ ಅಂಗಡಿ ನಿಲ್ಲತೈತೇನ?" ಅಂದ. ಮೂಲ್ಯಾಗ ಒಂದ ಬಕೀಟಿನ್ಯಾಗ ಎಲ್ಲಾ ಪ್ಯಾಡ್ ಕೂಡಿ ತೇಲತಿದ್ವು.

ಮ್ಯಾಲ ಮೇಣ ಬಳದು ಕೊಟ್ಟಿದ್ದ. ಮೇಣ ಇರೂತನಕ ಗೀರು ಮುಚ್ಚಿಕೊಂಡಿರತಾವು. ದಸರಾದಾಗ ಆಯುಧಕ್ಕ ಮಾಡೂ ಖಂಡೇ ಪೂಜಾದ ಮುಂಜಾನೆ ಮಾವ ಸೋಪು ಹಾಕಿ ತೊಳದ್ರು, ಮೇಣ ಇಳೀತು, ಬಿಸಲು ಬಿತ್ತು. ಬಾನೆಟ್ ತುಂಬ ಜೇಡರ ಬಲಿ! ಅಂಗಳದಾಗ ಬೀಗರು, ನೆರಿಮನಿಯವರು, ಅತ್ತಿ, ಎಲ್ಲಾರೂ ಅದಾರ. ನನ್ನ ಹೆಂಡ್ತಿ ಕೈಯಾಗ ಆರತಿ ತಾಟು.

"ಯಾರ ಕೈ ಇದು?" ಅಂದ್ರು ಮಾವ.

ನಾ ಬಾಯಿ ತಗಿಯೂಕಿಂತ ಮೊದಲ ಷಡ್ಡಕ ಅಂದ: "ಪುಣೇದಾಗ ಕಲತು ಬಂದಾಂವ ಇವನಲ್ರೀ ಮಾವಾರ. ನಂದೇನಿದ್ರೂ ತೊಳಿಯೂ ಕೆಲಸ."

"ನಾ ಆವತ್ತ ಊರಾಗ ಇರಲಿಲ್ರಿ" ಅಂದೆ ನಾ. "ಅವ್ವ ದವಾಖಾನ್ಯಾಗಿದ್ಲು."

"ಅದ ಹೇಳತೇನಿ. ಹೋಗೂ ಅವಸರದಾಗ ಭರಭರ ತಿಕ್ಕಿ ಕೆಡಿಸಿ ಹೋದಾಂವ" ಅಂದ. ಕಣ್ಣ ರೆಪ್ಪಿ ಬಡೀಲಿಲ್ರಿ ಬದ್ಮಾಷ! ನನ್ನ ಅವ್ವನ ಬ್ಯಾನೀನ ನನ್ನ ಮಾರಿಗೆ ಎತ್ತಿ ಒಗದ.

ಮಾವ ಬಾನೆಟ್ಟಿನ ಮ್ಯಾಲಿಂದ ಕೈ ತಗದ್ರು. ಆಮ್ಯಾಲ, "ಇನ್ನ ಮ್ಯಾಲ ನೀವು ನನ್ನ ಗಾಡಿ ಮುಟ್ಟಬ್ಯಾಡ್ರಿ ಅಳ್ಯಾರ" ಅಂದ್ರು. ಅಷ್ಟ. ಪೂಜಾ ಸುರು ಆತು. ನಾ ಒಬ್ಬಾವ ಹೊರಗ ಕಟ್ಟಿ ಮ್ಯಾಲ ಚಪ್ಪಲಿ ಹಾಕ್ಕೊಂಡು ಕುಂತಿದ್ದೆ.

ಅವತ್ತಿಂದ ಆ ಮನ್ಯಾಗ ನನಗ ಗೀರಪ್ಪ ಅಂತ ಹೆಸರು ಬಿತ್ತು. ಇಟ್ಟಾವ ಯಾರಂತ ಹೇಳಬೇಕಾ? ಮದುವ್ಯಾಗ, ಮುಂಜಿವ್ಯಾಗ, ಫೋನಿನ್ಯಾಗ, ಎಲ್ಲಾ ಕಡೆ "ಗೀರಪ್ಪ ಬಂದ, ಗೀರಪ್ಪ ಹೋದ." ಅವನ ಜೋಡಿ ಇನ್ನೊಂದು ದಿನಾನೂ ಕೆಲಸ ಮಾಡಾಕ ನನ್ನ ಕೈಲೆ ಆಗಲಿಲ್ಲ. ನವನಗರದ ಅಂಗಡಿ ಅವನ ಕೈಯಾಗ ಉಳೀತು. ನಾ ಇಳಕಲ್ಲಿಗೆ ಬಂದು ಹೈವೇ ಕಡೆ ಒಂದು ತಗಡಿನ ಶೆಡ್ ಹಾಕಿದೆ. ಕೂಡಲಸಂಗಮಕ್ಕ ಹೋಗಿ ಬರೂ ಗಾಡಿ, ಸೀರಿ ವ್ಯಾಪಾರಸ್ಥರ ಗಾಡಿ, ಕಲ್ಲಿನ ಧನಿಗಳ ಗಾಡಿ, ನಿಧಾನಕ ಕೆಲಸ ಹತ್ತಿತು. ಹೊಟ್ಟಿಗೆ ಕಡಿಮಿ ಆಗಲಿಲ್ಲ. ಹೊಟ್ಯಾಗಿನ ಬೆಂಕಿ ಮಾತ್ರ ಆರಲಿಲ್ಲ.

ಹೆಂಡ್ತಿ ಒಂದು ಮಾಡಿದಳು. ನಾಗರ ಪಂಚಮಿಗೆ ತವರಿಗೆ ಹೋಗೂದು ಬಿಟ್ಟಳು. ನಮ್ಮ ಕಡೆ ಪಂಚಮಿಗೆ ತವರಿಗೆ ಹೋಗಲಾರದ ಹೆಣ್ಣಮಗಳಂದ್ರ ಊರ ಮಂದಿ ಮಾರಿ ನೋಡಿ "ಅಯ್ಯ ಪಾಪ" ಅಂತಾರ. ಮೊದಲ ವರ್ಷ ತಮ್ಮ ಕರಿಯಾಕ ಬಂದ. "ನನ್ನ ಗಂಡನ್ನ ಕಳ್ಳನಂಗ ನೋಡೂ ಮನ್ಯಾಗ ನಾ ಜೋಕಾಲಿ ಆಡ್ಲೇನ?" ಅಂತ ವಾಪಸ್ ಕಳಿಸಿದಳು. ಆಮ್ಯಾಲ ಪ್ರತಿ ಪಂಚಮಿ ಇಲ್ಲೇ ಒಬ್ಬಾಕಿನ ಉಂಡಿ ಕಟ್ಟತಿದ್ದಳು. ಓಣ್ಯಾಗ ಜೋಕಾಲಿ ಹಾಡು ಕೇಳಿದ್ರ ಕಿಡಕಿ ಹಾಕತಿದ್ದಳು. ನಾ ಅದನ್ನ ನೋಡತಿದ್ದೆ, ಮತ್ತ ಹಲ್ಲು ಕಡಿತಿದ್ದೆ.

ನನಗ ಬೇಕಾಗಿದ್ದು ಒಂದ. ಅದ ಅಂಗಳದಾಗ, ಅದ ಮಂದಿ ಮುಂದ, ಅದ ಬಾನೆಟ್ಟಿನ ಮ್ಯಾಲ ಕೈ ಇಟ್ಟು, "ಇದು ಇವನ ಕೈ ಅಲ್ಲ, ಅವನ ಕೈ" ಅಂತ ಮಾವ ತಮ್ಮ ಬಾಯಿಲೆ ಅನ್ನಬೇಕು. ಆಮ್ಯಾಲ ಷಡ್ಡಕನ ಮಾರಿ ಹೆಂಗ ಆಗತೈತಿ ಅಂತ ನಾ ಕಣ್ತುಂಬ ನೋಡಬೇಕು. ಹೆಂಡ್ತಿ ತಲಿ ಎತ್ತಿ ಆ ಹೊಸ್ತಿಲ ದಾಟಬೇಕು.

ಈ ವರ್ಷ ಬ್ಯಾಸಿಗ್ಯಾಗ ಹೆಂಡ್ತಿ ತಮ್ಮ ಆ ಕರಿ ಗಾಡೀನ ತಂದು ನನ್ನ ಶೆಡ್ಡಿನ ಮುಂದ ನಿಲ್ಲಿಸಿದ. "ಮಾಮಾ, ನಾಳಿದ್ದು ಬದಾಮ್ಯಾಗ ನನ್ನ ನಿಶ್ಚಯ. ಅಕ್ಕ ಬರದಿದ್ರ ನಾ ಕುಂಡ್ರಂಗಿಲ್ಲ. ಮತ್ತ ಈ ಗಾಡಿ... ಹೆಣ್ಣಿನ ಕಡೆಯವರ ಮುಂದ ಹಿಂಗ ಒಯ್ಯೂದು ಹೆಂಗ?"

"ನಿಮ್ಮ ದೊಡ್ಡ ಮಾಮಾ ಮಾಡೂದಿಲ್ಲೇನ?"

"ಅವರು ಮಾಡತಾರ, ಎರಡು ತೊಳತಕ್ಕ ಮತ್ತ ಹಂಗ ಆಗತೈತಿ. 'ಮೊದಲ ಅವ ಸುಟ್ಟಾನ, ಇನ್ನ ಆಗಂಗಿಲ್ಲ' ಅಂತಾರ."

"ನಿಮ್ಮಪ್ಪಗ ಗೊತ್ತೈತೇನು, ನೀ ಇಲ್ಲಿ ತಂದಿದ್ದು?"

"ಅಪ್ಪನ ಕೀಲಿ ಕೊಟ್ಟಾನ. ಏನೂ ಅನಲಿಲ್ಲ, ಸುಮ್ಮ ಕೊಟ್ಟ."

ನನ್ನ ಮೈಯಾಗ ರಗತ ಕುಣೀತು. ಮುಟ್ಟಬ್ಯಾಡ ಅಂದ ಗಾಡಿ ತಾನ ನಡಕೋತ ನನ್ನ ಬಾಗಲಿಗೆ ಬಂದೈತಿ. "ಬಿಟ್ಟು ಹೋಗು" ಅಂದೆ. "ನಿಶ್ಚಯದ ಮುಂಜಾನೆ ನಿಮ್ಮ ಅಕ್ಕನ್ನ ಕೂಡಿಸಿಕೊಂಡು ನಾನ ತರತೇನಿ."

ತೊಳದೆ. ಸ್ಪಿರಿಟ್ ಹಚ್ಚಿ ಇದ್ದ ಮೇಣ ಎಲ್ಲಾ ಇಳಿಸಿದೆ. ಬಾಗಲ ಹಾಕಿ ಟಾರ್ಚ್ ಹಿಡದೆ. ಬಲಿಯ ಮ್ಯಾಲ ಬಲಿ. ಒಂದೊಂದು ಗೀರು ಅವನ ನಗಿಯಂಗ ಕಂಡಿತು ನನಗ.

ಪುಣೇದ ಉಸ್ತಾದ ಒಂದು ರೀತಿ ಕಲಿಸಿದ್ದ. ಬಾನೆಟ್ಟಿನ ಮ್ಯಾಲ ಟೇಪ್ ಹಚ್ಚಿ ಗೇಣಗಲದ ಚೌಕ ಮಾಡಕೋ. ಎಲ್ಲಕ್ಕಿಂತ ನಯ ಕಂಪೌಂಡು, ಎಲ್ಲಕ್ಕಿಂತ ಮೆತ್ತನ ಪ್ಯಾಡಿಂದ ಸುರು ಮಾಡು. ಗೀರು ಹೋಗಲಿಲ್ಲಂದ್ರ ಒಂದನ್ನ ಬದಲಿ ಮಾಡು, ಪ್ಯಾಡರ ಬದಲಿಸು, ಕಂಪೌಂಡರ ಬದಲಿಸು. ಎರಡೂ ಒಮ್ಮೆ ಬದಲಿಸಿದ್ರ ಕೆಲಸ ಮಾಡಿದ್ದು ಯಾವುದಂತ ನಿನಗ ಎಂದೂ ಗೊತ್ತಾಗಂಗಿಲ್ಲ. ಈ ಗಾಡಿ ಬಣ್ಣ ಮೆದು ಜಾತಿದು, ಬಿರಸು ಪ್ಯಾಡ್ ಒತ್ತಿದ್ರ ಮಬ್ಬಾಗಿ ಬಿಡತೈತಿ. ಮೆತ್ತಂದಕ್ಕ ನಯ ಕಂಪೌಂಡು ಹಾಕಿದೆ, ಬಲಿ ಅರ್ಧ ಹೋತು. ಕಂಪೌಂಡು ಅದ ಇಟ್ಟು ಪ್ಯಾಡ್ ನಡಬರಕಿಂದು ಮಾಡಿದೆ, ಮತ್ತಷ್ಟು ಹೋತು. ಪ್ಯಾಡ್ ಅದ ಇಟ್ಟು ಕಂಪೌಂಡು ಒಂದು ಮೆಟ್ಟಲ ಏರಿಸಿದೆ. ಹೋತು! ಆಮ್ಯಾಲ ಹೊಸಾ ಕರಿ ಪ್ಯಾಡಿಲೆ ಕೊನಿ ಸುತ್ತು. ಟಾರ್ಚಿನ ಬೆಳಕು ಒಂದ ಚುಕ್ಕಿಯಾಗಿ ನಿಂತಿತು, ಸುತ್ತ ಏನೂ ಇಲ್ಲ. ಆ ಚೌಕದಾಗ ನನ್ನ ಮಾರಿ ನಾ ನೋಡಿಕೊಂಡೆ. ಬಾಳ ಸಿಟ್ಟಿನ ಮಾರಿ.

ಜೋಡಿ ಸಿಕ್ಕ ಮ್ಯಾಲ ಉಳದದ್ದು ಕೈಯಾಗಿನ ಕೆಲಸ. ಬಾನೆಟ್ಟಿನ ನಡು ಉದ್ದಕ ಒಂದು ಟೇಪ್ ಎಳದೆ. ಎಡಗಡೆ ಪೂರಾ ಮಾಡಿದೆ, ಕನ್ನಡಿ ಮಾಡಿದೆ. ಬಲಗಡೆ ಒಂದು ಬೊಟ್ಟೂ ಹಚ್ಚಲಿಲ್ಲ. ಬಲಗಡೆ ಯಾಕಂದ್ರ ಗಾಡಿ ಹೊಡಿಯವರ ಕಣ್ಣಿಗೆ ಬೀಳೂದು ಅದ. ಟೇಪ್ ಕಿತ್ತಿದೆ. ಒಂದ ಬಾನೆಟ್ಟು, ಈ ಕಡೆ ನಾ, ಆ ಕಡೆ ಅವ.

ಹೆಂಡ್ತಿ ಊಟದ ಡಬ್ಬಿ ತಂದಾಕಿ ನೋಡಿ ನಿಂತಳು. "ಇದೇನ್ರಿ, ಅರ್ಧಕ್ಕ ಬಿಟ್ಟೀರಿ?"

"ಬಿಟ್ಟಿಲ್ಲ, ಇಟ್ಟೇನಿ."

ಆಕಿಗೆ ತಿಳಿಯಾಕ ಹೊತ್ತು ಹಿಡೀಲಿಲ್ಲ. "ಬ್ಯಾಡ್ರಿ. ನನ್ನ ತಮ್ಮನ ಶುಭಕಾರ್ಯ. ನಿಮ್ಮ ಸಿಟ್ಟು ಅಲ್ಲಿ ತರಬ್ಯಾಡ್ರಿ. ಪೂರಾ ಮಾಡ್ರಿ, ಇಲ್ಲಂದ್ರ ಹಂಗ ವಾಪಸ್ ಕೊಡ್ರಿ."

"ನಿನ್ನ ಪಂಚಮಿ ಯಾರು ವಾಪಸ್ ಕೊಡತಾರ?" ಅಂದೆ. ಆಕಿ ಡಬ್ಬಿ ಕುಕ್ಕಿ ಹೋದಳು.

ನಿಶ್ಚಯದ ಮುಂಜಾನೆ ಡಿಕ್ಕಿಯೊಳಗ ಮಶೀನು, ಉದ್ದನ ವೈಯರು, ಕೆಲಸಕ್ಕ ಹಚ್ಚಿದ್ದ ಪ್ಯಾಡು, ಎರಡು ಬಕೀಟು ಇಟ್ಟೆ. ಒರಟು ಕಂಪೌಂಡು ಕುಡದ ಉಣ್ಣಿ ಪ್ಯಾಡ್ ಒಂದನ್ನ ಬೇಕಂತಲೇ ಬ್ಯಾರೆ ಗಾಡಿ ಕೆಲಸದಿಂದ ಎತ್ತಿಕೊಂಡೆ. ಪ್ಲಾಸ್ಟಿಕ್ ಬಿಚ್ಚಲಾರದ ಹೊಸಾ ಕರಿ ಪ್ಯಾಡ್ ಒಂದು ಕಿಸೆದಾಗ ಹಾಕ್ಕೊಂಡೆ. ಹೆಂಡ್ತಿ ಗುಳೇದಗುಡ್ಡದ ಖಣ, ಇಳಕಲ್ ಸೀರಿ ಗಂಟು ತೊಡಿ ಮ್ಯಾಲ ಇಟ್ಟುಕೊಂಡು ಹುನಗುಂದದತನಕ ಕಿಡಕಿ ಹೊರಗ ನೋಡಕೋತ ಕುಂತಿದ್ದಳು.

ಅಂಗಳದಾಗ ಮಂದಿ ತುಂಬಿತ್ತು. ಷಡ್ಡಕ ಬಿಳೇ ಬಿಳೇ ಅರಿವಿ ಹಾಕ್ಕೊಂಡು, ಕೂಲಿಂಗ್ ಗ್ಲಾಸ್ ಏರಿಸಿ ನಿಂತಿದ್ದ. "ಬಂದಾ ಬಂದಾ, ಗೀರಪ್ಪ ಬಂದಾ!" ಅಂದ. ನಾಕು ಮಂದಿ ನಕ್ರು. ಬಾನೆಟ್ ನೋಡಿ ಇನ್ನೂ ನಕ್ಕ. "ಏನಲೇ, ಅರ್ಧಕ್ಕ ಉಸರು ಬಿಟ್ಟೇನ?"

"ಹೊತ್ತು ಸಾಲಲಿಲ್ರಿ ಅಣ್ಣಾರ" ಅಂದೆ, ಬೆಲ್ಲದಂಥ ದನಿ ಮಾಡಿ. "ಉಳದರ್ಧ ಇಲ್ಲೇ ಮುಗಸ್ತೇನಿ. ನಾ ವೈಯರ್ ಎಳಕೋತೇನಿ, ಅಷ್ಟರಾಗ ಈ ಪ್ಯಾಡ್ ತೊಳದು ಕೊಡ್ರಲ್ಲ."

ಎರಡು ಬಕೀಟು ತುಂಬ ನೀರು ಹಿಡದು ಅವನ ಮುಂದ ಇಟ್ಟೆ. ಒಂದ ಇಟ್ಟಿದ್ರ, "ಅವ ಕೊಟ್ಟದ್ದ ಒಂದು, ನಾ ಏನ್ ಮಾಡ್ಲಿ" ಅಂತ ನಾಳೆ ಬಾಯಿ ಬಡಕೋತಿದ್ದ. ಎರಡು ಇಟ್ಟೆ. ವೈಯರ್ ಎಳಿಯೂದು ಬರೇ ನೆವ, ನನ್ನ ಕಣ್ಣೆಲ್ಲಾ ಅವನ ಕೈ ಮ್ಯಾಲ. ನೂರಾರು ಗಾಡಿ ತೊಳದಾಂವ, ಈಗರ ಕಲತಿರಬಹುದು ಅಂತ ಒಂದು ಗಳಿಗಿ ಹೆದರಿಕಿ ಆತು. ಕಲತಿದ್ರ ನನ್ನ ಎಲ್ಲಾ ಲೆಕ್ಕ ನೀರಾಗ ಹೋದಂಗ.

ಅಂಗಿ ತೋಳು ಮಡಚಿದ. ಉಣ್ಣಿದು, ನಡಬರಕಿಂದು, ಕರಿದು, ಎಲ್ಲಾ ಒಂದ ಬಕೀಟಿಗೆ ದಬದಬ! ಗಡಗಡ ಜಾಲಿಸಿದ, ಒಂದರ ಮ್ಯಾಲ ಒಂದು ಇಟ್ಟು ಹಿಂಡಿದ. ಇನ್ನೊಂದು ಬಕೀಟಿನ್ಯಾಗ ತನ್ನ ಕೈ ತೊಳಕೊಂಡ. ನನಗ ಕುಣಿಯೂವಷ್ಟು ಖುಷಿ ಆತು.

ಅವನ ಕೈಯಿಂದ ಕರಿ ಪ್ಯಾಡ್ ಇಸಕೊಂಡು, ಮಶೀನಿಗೆ ಹಚ್ಚಿ ತಿರುವಿ ನೀರು ಹಾರಿಸಿದೆ. ನಯ ಕಂಪೌಂಡು ನಾಕು ಬೊಟ್ಟು ಹಾಕಿದೆ. ಮಶೀನ್ ಒಯ್ದು ಬಲಗಡೆ ಇಡಲಿಲ್ಲ. ಎಡಗಡೆ, ನನ್ನ ಕನ್ನಡಿ ಮ್ಯಾಲ ಇಟ್ಟೆ.

"ಲೇ ಲೇ! ಅದು ಆಗೇತಲ್ಲೋ!" ಅಂದ ಷಡ್ಡಕ.

ಅಂಗೈಯಗಲ ಜಾಗಾ. ಹಗೂರಕ, ಒತ್ತಲಾರದ, ಪುಣೇದಾಗ ಕಲಿಸಿದಂಗ ತಿರುವಿದೆ. ಪಕ್ಕದಾಗ ಕಿಸೆದಾಗಿನ ಹೊಸಾ ಪ್ಯಾಡ್ ಹಚ್ಚಿ ಮತ್ತೊಂದು ಅಂಗೈಯಗಲ ತಿರುವಿದೆ. ಕಂಪೌಂಡು ಅದ, ಮಶೀನು ಅದ, ಕೈ ಅದ. ಎರಡನ್ನೂ ಸ್ಪಿರಿಟಿಲೆ ಒರಸಿ, ಗಾಡಿ ಒಂದ್ ಮೊಳ ಮುಂದ ತಂದು ಬಿಸಲಿಗೆ ನಿಲ್ಲಿಸಿದೆ. ಹೊಸಾ ಪ್ಯಾಡಿನ ಜಾಗಾ ಕನ್ನಡಿಯಂಗ ಇತ್ತು. ಅವ ತೊಳದ ಪ್ಯಾಡಿನ ಜಾಗಾದಾಗ ಬಲಿ ಎದ್ದಿತ್ತು. ಬಲಗಡೆ ಇಷ್ಟು ವರ್ಷದಿಂದ ಇದ್ದ ಬಲಿ, ಇಲ್ಲಿ ಈಗ ಹುಟ್ಟಿದ ಬಲಿ, ಅಣ್ಣತಮ್ಮ ಇದ್ದಂಗ.

ನಕ್ಕಾವರ ನಗಿ ನಿಂತಿತು. ನಾ ಸುತ್ತ ನೋಡಿ, ದನಿ ಏರಿಸಿ ಹೇಳಿದೆ: "ಕೈ ಕೆಡಸಲಿಲ್ಲ, ಬಕೀಟು ಕೆಡಿಸಿತು. ನೀವೆಲ್ಲಾ ಈಗ ಕಣ್ಣಾರೆ ನೋಡೀರಿ, ಆ ಬಕೀಟಿನ್ಯಾಗ ಅದ್ದಿದಾಂವ ಯಾರು ಅಂತ." ಷಡ್ಡಕ ಕೂಲಿಂಗ್ ಗ್ಲಾಸ್ ತಗದ, ಹಾಕ್ಕೊಂಡ, ಮತ್ತ ತಗದ. "ಶುಭಕಾರ್ಯದಾಗ ಇದೆಲ್ಲಾ ಯಾಕ ಈಗ..." ಅಂತ ತೊದಲಿದ. ಮಾರಿ ಸುಟ್ಟ ಬದನಿಕಾಯಿ ಆಗಿತ್ತು. ಆ ಮಾರೀನ ನಾ ನಿಧಾನಕ ನೋಡಿದೆ, ಅವಸರ ಮಾಡಲಿಲ್ಲ.

"ಮಾವಾರ" ಅಂದೆ ಆಮ್ಯಾಲ. "ಈಗರ ಹೇಳ್ರಿ. ಯಾರ ಕೈ?"

ಮಾವ ಬಾನೆಟ್ಟಿನ ಹತ್ತರ ಬಂದ್ರು. ಆ ಅಂಗೈಯಗಲ ಬಲಿ ನೋಡಲಿಲ್ಲ. ನನ್ನ ನೋಡಿದ್ರು. "ನನಗ ಅವತ್ತ ಗೊತ್ತಿತ್ತು ಅಳ್ಯಾರ" ಅಂದ್ರು.

ನನಗ ಸರಿಯಾಗಿ ಕೇಳಲಿಲ್ಲೇನೋ ಅನಿಸಿತು. "ಏನ್ರಿ?"

"ನೀವು ದವಾಖಾನಿಗೆ ಹೋದ ದಿನ ಸಂಜಿಮುಂದ ನಾ ಬಾಗಲಕೋಟಿಗೆ ಬಂದಿದ್ದೆ, ಗಾಡಿ ಎಲ್ಲೀತನಕ ಬಂತು ನೋಡೂಣು ಅಂತ. ನಿಮ್ಮ ಶಟರ್ ಅರ್ಧ ಇಳದಿತ್ತು. ಮಶೀನ್ ಅವನ ಕೈಯಾಗ ಇತ್ತು, ನೀವು ಇರಲಿಲ್ಲ. ಕರೀಲಿಲ್ಲ, ಹಂಗ ಹೊಳ್ಳಿದೆ." ದನಿ ತಗ್ಗಿಸಿದ್ರು. "ಹಿರೇ ಮಗಳು ಆಗ ಇವನ ಕೂಡ ಜಗಳ ಮಾಡಿ ನನ್ನ ಮನ್ಯಾಗ ಬಂದು ಕುಂತಿದ್ಲು. ಮಂದಿ ಮುಂದ ಇವನ ಮಾರಿ ತಗ್ಗಿಸಿದ್ರ ಆಕೀನ ಕರಕೊಂಡು ಹೋಗತಿದ್ದಿಲ್ಲ. ನೀವು ಸೈರಣಿ ಇದ್ದಾವರು. ತಡಕೋತೀರಿ ಅಂದೆ."

ತಡಕೋತೀರಿ! ನಾ ಎದಿ ಮ್ಯಾಲ ಕೈ ಇಟ್ಟು ಹೇಳತೇನಿ, ಷಡ್ಡಕ ಸುಳ್ಳು ಹೇಳಿದಾಗ ಆಗಲಾರದ ಉರಿ ಆ ಖರೇ ಮಾತಿಗೆ ಆತು. ಇಷ್ಟು ವರ್ಷ ನಾ ಹಲ್ಲು ಕಡದಿದ್ದು ಅರ್ಧಾ ತಪ್ಪು ಮನಿಷ್ಯಾನ ಮ್ಯಾಲ. ಷಡ್ಡಕಂದು ಅವಗಿರಲಿ, ಅವ ಹೆದರಿ ಸುಳ್ಳು ಹೇಳಿದ. ಇವರು ಗೊತ್ತಿದ್ದು, ತೂಗಿ ನೋಡಿ, ನನ್ನನ್ನ ಎತ್ತಿ ಕೊಟ್ರು. ನನ್ನ ನಾಲಿಗಿ ಮ್ಯಾಲ ಏನೇನೋ ಬಂತು. ಹಿರೇರು, ಮನಿ ತುಂಬ ಬೀಗರು, ಅಂತ ನುಂಗಿದೆ. ಷಡ್ಡಕನ ಹೆಂಡ್ತಿ ಬಾಗಲ ಕಡೆ ನಿಂತಾಕಿ ಸೆರಗು ಬಾಯಿಗೆ ಹಿಡಕೊಂಡು ಒಳಗ ಹೋದಳು.

ಮಾವ ನನ್ನ ಹೆಗಲ ಮ್ಯಾಲ ಕೈ ಇಟ್ರು. "ಆಗಿದ್ದು ಆತು. ಉಳದರ್ಧಾನೂ ಮಾಡಿಬಿಡ್ರಿ ಅಳ್ಯಾರ. ಬದಾಮಿಗೆ ಹೊತ್ತಾಗತೈತಿ. ನಿಮ್ಮ ಕೈ ಎಂಥಾದ್ದು ಅಂತ ಎಲ್ಲಾರೂ ನೋಡಿದ್ರಲ್ಲ."

ಖರೇ ಹೇಳತೇನಿ, ನನ್ನ ಕೈ ಮಶೀನ್ ಕಡೆ ಹೋತು. ಆ ಮನ್ಯಾಗ ಅವರು ಅಂದದ್ದಕ್ಕ ಇಲ್ಲ ಅನ್ನೂದು ಯಾರಿಗೂ ರೂಢಿ ಇರಲಿಲ್ಲ, ನನಗೂ ಇರಲಿಲ್ಲ.

"ಬ್ಯಾಡ."

ಅಂದಾಕಿ ನನ್ನ ಹೆಂಡ್ತಿ. ಸೀರಿ ಗಂಟು ಗಾಡಿ ಸೀಟಿನ ಮ್ಯಾಲ ಇಟ್ಟು ಮುಂದ ಬಂದಳು. ಪೂರಾ ಮಾಡ್ರಿ ಅಂತ ನನ್ನ ಜೋಡಿ ಜಗಳ ಆಡಿದಾಕಿನ ಆಕಿ. ಬಂದು ಮಶೀನಿನ ಪಿನ್ನು ಕಿತ್ತಿದಳು. ಕಣ್ಣಾಗ ನೀರಿಲ್ಲ.

"ಹಿಂಗ ಇರಲಿ ಅಪ್ಪಾ. ಅಕ್ಕನ ಮನಿ ಉಳೀಬೇಕಿತ್ತು, ಉಳಿಸಿದಿ, ಚಲೋ ಆತು. ಆದರ ನನ್ನ ಕರದು ಕಿವ್ಯಾಗರ ಒಂದು ಮಾತು ಹೇಳಲಿಲ್ಲ ನೀ. ನಾ ಎಷ್ಟು ಪಂಚಮಿ ಈ ಮನಿಗೆ ಬರಲಿಲ್ಲೋ ಅಷ್ಟು ಪಂಚಮಿ ನೀ ಈ ಬಾನೆಟ್ ನೋಡಕೋತ ಗಾಡಿ ಹೊಡಿ. ಅಲ್ಲೀತನಕ ನನ್ನ ಗಂಡ ಇದನ್ನ ಮುಟ್ಟಂಗಿಲ್ಲ."

ಅತ್ತಿ "ಏ ಹುಚ್ಚಿ" ಅಂತ ಬಾಯಿ ಮ್ಯಾಲ ಕೈ ಇಟ್ಟುಕೊಂಡ್ರು. ಮಾವ ಮಗಳ ಮಾರಿ ನೋಡಿದ್ರು. ಆಕಿ ನನ್ನ ಕೈಯಾಗಿನ ಕೀಲಿ ತಗೊಂಡು ಅವರ ಕೈಯಾಗ ಇಟ್ಟಳು. ಆಮ್ಯಾಲ ತಲಿ ಎತ್ತಿ ಹೊಸ್ತಿಲ ದಾಟಿ ಒಳಗ ಹೋಗಿ, ತಮ್ಮಗ ಅರಿಷಿಣ ಹಚ್ಚಾಕ ಕುಂತಳು.

ಮಾವ ಆ ಗಾಡೀನ ಹೊಡಕೋತ ಬದಾಮಿಗೆ ಬಂದ್ರು. ಪಕ್ಕದ ಸೀಟಿನ್ಯಾಗ ನಾ. ಅಮೀನಗಡದಾಗ ಕರದಂಟು ತಗೊಳ್ಳಾಕ ನಿಂತು ಮತ್ತ ಹೊಂಟ್ವಿ. ಬಿಸಲು ಬಾನೆಟ್ ಮ್ಯಾಲ ಸುರೀತಿತ್ತು. ನನ್ನ ಕಡೆ ಆಕಾಶ ಬಿದ್ದಿತ್ತು, ನಡುವ ಅಂಗೈಯಗಲ ಕಲೆ. ಅವರ ಕಡೆ ಪೂರಾ ಬಲಿ. ಅವರ ಕಣ್ಣು ರಸ್ತಾದ ಮ್ಯಾಲಿಂದ ಇಳದು ಇಳದು ಅಲ್ಲೇ ಹೋಗತಿತ್ತು. ನಾ ನೋಡಿದೆ. ನೋಡಿ, ನನ್ನ ಹೊಟ್ಟಿ ಮಜ್ಜಗಿ ಕುಡದಂಗ ತಣ್ಣಗಾತು. ಅಯ್ಯೋ ಪಾಪ ಅಂತ ಒಂದ್ ಚೂರೂ ಅನಿಸಲಿಲ್ಲ.

ಬದಾಮ್ಯಾಗ ಹೆಣ್ಣಿನ ತಂದಿ ಬಾಗಲಕ್ಕ ಬಂದು ನೀರು ಕೊಟ್ರು. ಒಳಗ ಕರಿಯೂ ಮುಂದ ಅವರ ಕಣ್ಣು ಗಾಡಿ ಮ್ಯಾಲ ಬಿತ್ತು. "ಇದೇನ್ರಿ ಬೀಗರ, ಅರ್ಧಾ ಹೊಸಾದು, ಅರ್ಧಾ ಹಳೇದು? ಯಾರು ಹಿಂಗ ಮಾಡಿದ್ರು?"

ಷಡ್ಡಕ ಹಿಂದಿನ ಗಾಡಿ ಇಳದು ಬರತಿದ್ದಾವ ಅಲ್ಲೇ ನಿಂತ. ನನ್ನ ಹೆಂಡ್ತಿ ಖಣದ ಗಂಟು ಬಗಲಾಗ ಹಿಡಕೊಂಡು ತಂದೀನ ನೋಡಕೋತ ನಿಂತಳು. ಮಾವ ಚರಿಗಿ ಕೆಳಗ ಇಟ್ಟು, ಟವೆಲ್ಲಿಲೆ ಬಾಯಿ ಒರಸಿಕೊಂಡ್ರು.

"ನಾನ ಮಾಡಿದ್ದು" ಅಂದ್ರು. "ಸಣ್ಣ ಮಗಳು ಹಂಗ ಇರಲಿ ಅಂದಾಳ್ರಿ."